ಹತ್ತಿದ ಗೇರಿನಲ್ಲೇ ಇಳಿಯಬೇಕು

ಕಡೂರಿನ ಹೆದ್ದಾರಿ ಮಗ್ಗುಲ ಗ್ಯಾರೇಜಿನಲ್ಲಿ ನಾನು ಕೆಲಸ ಕಲಿಯುವ ಕಾಲಕ್ಕೆ, ಗಾಡಿ ಕಣ್ಣಿಗೆ ಬೀಳುವ ಮೊದಲೇ ಗೇರಿನ ಸದ್ದು ಕೇಳಿ ಡ್ರೈವರ್ ಎಂಥವನೆಂದು ಹೇಳಿಬಿಡುತ್ತಿದ್ದರು. ಅಜ್ಜಂಪುರದ ಈರುಳ್ಳಿ ಹೇರಿಕೊಂಡು ಬರುತ್ತಿದ್ದ ಹಳೇ ಲಾರಿಗಳಿಗೆ ಡಬಲ್ ಕ್ಲಚ್ ಹೊಡೆಯಬೇಕಿತ್ತು. ಕ್ಲಚ್ ತುಳಿದು ನ್ಯೂಟ್ರಲ್, ಕಾಲು ಬಿಟ್ಟು ಆಕ್ಸಿಲರೇಟರಿಗೊಂದು ಏಟು, ಮತ್ತೆ ಕ್ಲಚ್, ಆಮೇಲೆ ಕೆಳಗಿನ ಗೇರು. ಲೆಕ್ಕ ತಪ್ಪಿದರೆ ಹಲ್ಲಿಗೆ ಹಲ್ಲು ಮಸೆದು ಬೀದಿಗೆಲ್ಲ ಕೇಳುತ್ತಿತ್ತು. ಬಾಡಿಗೆ ಅಂಬಾಸಿಡರ್‌ಗಳ ಗೇರು ಸ್ಟೇರಿಂಗ್ ಬುಡದಲ್ಲಿ. ಹಳೆಯವುಗಳ ಫಸ್ಟ್ ಗೇರಿಗೆ, ಹಲ್ಲುಗಳ ವೇಗ ಹೊಂದಿಸಿ ಕೂಡಿಸುವ ಸಿಂಕ್ರೊಮೆಶ್ ಇರಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದರ ಗೇರು ಬೆಣ್ಣೆಯ ಹಾಗೆ ಬೀಳುತ್ತಿತ್ತು.

ಕಡೂರು, ಅಜ್ಜಂಪುರ ಬಯಲುಸೀಮೆ. ಇಲ್ಲಿ ಗೇರಿಗೆ ಅಂಥ ಪರೀಕ್ಷೆಯೇನೂ ಇಲ್ಲ. ಪರೀಕ್ಷೆಯಿರುವುದು ತರೀಕೆರೆ ಕಡೆ. ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿಯ ಮೇಲೆ ಕೆಮ್ಮಣ್ಣುಗುಂಡಿಗೆ ಹತ್ತಿದರೆ ಸುಮಾರು 1,434 ಮೀಟರ್ ಎತ್ತರ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳುತ್ತಿದ್ದದ್ದು ಒಂದೇ ಮಾತು: "ಯಾವ ಗೇರಲ್ಲಿ ಹತ್ತಿದ್ಯೋ ಅದೇ ಗೇರಲ್ಲಿ ಇಳಿ." ಕೆಳಗಿನ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ, ಆ ಭಾರಕ್ಕೆ ಗಾಡಿಯ ಓಟ ತಗ್ಗುತ್ತದೆ. ಬ್ರೇಕಿಗೆ ಬಿಡುವು ಸಿಗುತ್ತದೆ. ಪೆಟ್ರೋಲ್ ಉಳಿಸುತ್ತೇನೆಂದು ನ್ಯೂಟ್ರಲ್‌ನಲ್ಲಿ ಇಳಿಸುವವರನ್ನು ಕಂಡರೆ ಮೇಸ್ತ್ರಿ ಉರಿದುಬೀಳುತ್ತಿದ್ದರು. ನನಗೂ ಅದೇ ಸಿಟ್ಟು.

ಈಗ ಗೇರು ತಾನೇ ಬದಲಾಗುವ ಗಾಡಿಗಳೂ ಗ್ಯಾರೇಜಿಗೆ ಬರುತ್ತವೆ. ಇದು ಹೊಸದೇನಲ್ಲ, ಅಮೆರಿಕದ ಓಲ್ಡ್ಸ್‌ಮೊಬೈಲ್ ಕಾರು 1940ರ ಮಾಡೆಲಿನಲ್ಲೇ ಕ್ಲಚ್ ಪೆಡಲ್ ಕಿತ್ತುಹಾಕಿತ್ತು. ಗೇರು ತಾನಾಗಿ ಬದಲಾದರೂ ಬೇಕೆಂದಾಗ ಲಿವರ್ ತಟ್ಟಿ ಬದಲಿಸುವ ಅನುಕೂಲವನ್ನು ಪೋರ್ಷೆ ಕಂಪನಿ 1989ರ ಸುಮಾರಿಗೆ ಟಿಪ್‌ಟ್ರಾನಿಕ್ ಎಂಬ ಹೆಸರಿನಲ್ಲಿ ತಂದಿತು. ನಮ್ಮಂಥವರ ಕೈಗೆ ಎಟುಕಿದ್ದು 2014ರ ಫೆಬ್ರವರಿಯಲ್ಲಿ ಬಂದ ಮಾರುತಿ ಸೆಲೆರಿಯೊದ ಎಎಂಟಿ, ಅಂದರೆ ಮಾಮೂಲಿ ಗೇರ್ ಬಾಕ್ಸನ್ನೇ ಯಂತ್ರ ನಡೆಸುವ ಏರ್ಪಾಡು. ಅಂಥ ಬಾಕ್ಸ್ ಇಳಿಸಿ ನೋಡಿದರೆ ಒಳಗೆ ಅದೇ ಕ್ಲಚ್ ಪ್ಲೇಟು, ಅದೇ ಪ್ರೆಶರ್ ಪ್ಲೇಟು, ಅದೇ ಹಲ್ಲುಗಳು. ಮೇಲೆ ಕೂರಿಸಿರುವುದು ಆಯಿಲ್ ಪಂಪು, ವಾಲ್ವು, ಸೆನ್ಸರು. ಎಡಗಾಲು ತುಳಿಯುತ್ತಿದ್ದದ್ದನ್ನು ಈಗ ಆಯಿಲ್ ಒತ್ತಡ ಒತ್ತುತ್ತದೆ. ಎಡಗೈ ಎಳೆಯುತ್ತಿದ್ದದ್ದನ್ನೂ ಅದೇ ಮಾಡುತ್ತದೆ. ಯಾವಾಗ ಅನ್ನುವುದು ಮಾತ್ರ ಕಂಪ್ಯೂಟರಿನ ತೀರ್ಮಾನ.

ಆ ಕಂಪ್ಯೂಟರಿಗೆ ಮುಂದಿನ ತಿರುವು ಕಾಣುವುದಿಲ್ಲ. ಇಳಿಜಾರಿನಲ್ಲಿ ಕಾಲು ತೆಗೆದರೆ, ಗಾಡಿ ಹಗುರಾಗಿ ಓಡುತ್ತಿದೆ ಅಂದುಕೊಂಡು ಮೇಲಿನ ಗೇರಿಗೆ ಹೋಗಲೂಬಹುದು. ಒಮ್ಮೆ ಕೆಮ್ಮಣ್ಣುಗುಂಡಿಯಿಂದ ಇಳಿದ ಕಾರೊಂದು ಚಕ್ರದಲ್ಲಿ ಸುಟ್ಟ ವಾಸನೆ ಹೊತ್ತು ನನ್ನಲ್ಲಿಗೆ ಬಂತು. ಬ್ರೇಕ್ ಪ್ಯಾಡುಗಳ ಮೇಲ್ಮೈ ಗಾಜಿನಂತೆ ಹೊಳೆಯುತ್ತಿತ್ತು.

"ಆಟೋಮ್ಯಾಟಿಕ್ ಅಲ್ವಾ ಮೇಸ್ತ್ರಿ, ಅದೇ ನೋಡ್ಕೊಳ್ಳುತ್ತೆ ಅನ್ಕೊಂಡೆ" ಅಂದ ಅದನ್ನು ಓಡಿಸಿಕೊಂಡು ಬಂದ ಹುಡುಗ.

"ಡಿ ಪಕ್ಕದಲ್ಲಿ ಎಂ ಇದೆಯಲ್ಲಪ್ಪ, ಅದನ್ನ ಯಾಕೆ ಇಟ್ಟವ್ರೆ?"

ಅದು ರೇಸಿಗೆ ಅಂದುಕೊಂಡಿದ್ದನಂತೆ. ಜಾಹೀರಾತುಗಳೂ ಹಾಗೇ ತೋರಿಸುತ್ತವೆ. ನನ್ನ ಪ್ರಕಾರ ಎಂ, ಅಂದರೆ ಕೈಯಿಂದ ಗೇರು ಬದಲಿಸುವ ಮ್ಯಾನ್ಯುವಲ್, ಇರುವುದೇ ಘಾಟಿಗೆ: ಲಿವರ್ ಅಲ್ಲಿಗೆ ಸರಿಸಿ ಮೈನಸ್ ಕಡೆ ತಟ್ಟಿ ಎರಡಕ್ಕೆ ತಂದರೆ, ಇಳಿಯುವಾಗ ಎಂಜಿನ್ ಹಿಡಿದುಕೊಳ್ಳುತ್ತದೆ. ಆಗಲೂ ಪೂರ್ತಿ ಅಧಿಕಾರ ನಮ್ಮದಲ್ಲ. ಜೋರಾಗಿ ಓಡುವಾಗ ಫಸ್ಟ್ ಕೇಳಿದರೆ ಕೊಡುವುದಿಲ್ಲ. ನಿಲ್ಲಿಸಿದರೆ ತಾನೇ ಫಸ್ಟಿಗೆ ಬರುತ್ತದೆ.

ಹುಡುಗನಿಗೆ ಹೊಸ ಪ್ಯಾಡು ಹಾಕಿ ಕಳಿಸುವಾಗ ಇನ್ನೊಂದೂ ಹೇಳಿದೆ. ಏರಿನಲ್ಲಿ ಟ್ರಾಫಿಕ್ ನಿಂತಾಗ ಆಕ್ಸಿಲರೇಟರ್ ಅದುಮಿಕೊಂಡು ಗಾಡಿ ನಿಲ್ಲಿಸಬೇಡ, ಹ್ಯಾಂಡ್ ಬ್ರೇಕ್ ಹಾಕು. ಇಲ್ಲದಿದ್ದರೆ ಮುಂದಿನ ಸಲ ಕ್ಲಚ್ ಪ್ಲೇಟಿಗೇ ಬರಬೇಕಾಗುತ್ತದೆ, ಅದು ಪ್ಯಾಡಿನ ದುಡ್ಡಿಗೆ ಮುಗಿಯುವ ಕೆಲಸವಲ್ಲ.