ಹಳಿ ಅದೇ, ರೈಲು ಬೇರೆ

ಮೊನ್ನೆ ಭಾನುವಾರ ಲೆಗೋ ಇಟ್ಟಿಗೆಗಳಲ್ಲಿ ನಮ್ಮ ನೀಲಿ ರೈಲು ಬೋಗಿ ಕಟ್ಟೋಣ ಅಂತ ಕೂತೆ. ಅಳತೆ ಹುಡುಕುತ್ತಾ ಅದರ ಇತಿಹಾಸಕ್ಕೇ ಇಳಿದುಬಿಟ್ಟೆ.

ಡೆನ್ಮಾರ್ಕಿನ ಈ ಕಂಪನಿ 1966ರಲ್ಲಿ 4.5 ವೋಲ್ಟ್ ಬ್ಯಾಟರಿಯ ರೈಲು ತಂದಿತು. 1969ರಲ್ಲಿ 12 ವೋಲ್ಟ್ ಬಂತು, ಹಳಿಗಳ ನಡುವೆ ಕರೆಂಟಿಗೇ ಬೇರೆ ಪಟ್ಟಿ. 1991ರ 9 ವೋಲ್ಟ್ ರೈಲಿಗೆ ಲೋಹ ಹೊದಿಸಿದ ಹಳಿಯಲ್ಲೇ ಕರೆಂಟು. ಸ್ವಂತ ರೈಲು ಕಟ್ಟುವವರಿಗೆ ಅದು ಅಚ್ಚುಮೆಚ್ಚು. 2007ರಲ್ಲಿ ಅದನ್ನೂ ನಿಲ್ಲಿಸಿದರು! ಬ್ಯಾಟರಿ ಮತ್ತೆ ರೈಲಿನೊಳಗೆ ಹೋಯಿತು, 2018ರಿಂದ ಬ್ಲೂಟೂತ್.

ಇಷ್ಟೆಲ್ಲಾ ಬದಲಾದರೂ ಹಳಿಯ ಅಗಲ ಮಾತ್ರ ಅದೇ, ಸುಮಾರು 38 ಮಿ.ಮೀ. 1966ರ ಬೋಗಿ ಇವತ್ತಿನ ಹಳಿ ಮೇಲೂ ಓಡುತ್ತೆ. ನಾನು ಬರೆದ ಕೋಡು ಎರಡು ವರ್ಷ ಬಾಳಿದರೆ ಹೆಚ್ಚು :)

ಆದರೆ ಈ ಹೊಂದಾಣಿಕೆಗೂ ಬೆಲೆ ಇದೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಅಂದರೆ 1:44 ಅಳತೆ. 3.25 ಮೀಟರ್ ಅಗಲದ ಬೋಗಿ 74 ಮಿ.ಮೀ. ಆಯಿತು, ಇಟ್ಟಿಗೆ ಮೇಲಿನ ಗುಂಡಿಗಳ ಲೆಕ್ಕದಲ್ಲಿ ಒಂಬತ್ತು. ಉದ್ದ 48 ಸೆಂ.ಮೀ. ಸೆಟ್ಟಿನ ತಿರುವಿನ ತ್ರಿಜ್ಯವೋ, ಬರೀ 32 ಸೆಂ.ಮೀ.! ಬೋಗಿಯ ಮೂಲೆ ಪಕ್ಕದ ಸ್ಟೇಷನ್ನಿಗೇ ಗುದ್ದಿತು.

ಕೊನೆಗೆ ನಾಲ್ಕು ಕಿಟಕಿ ಕಿತ್ತೆ. ಈಗ ತಿರುಗುತ್ತೆ. ಅಪ್ಪ ನೋಡಿ, "ಇದರಲ್ಲಿ ನನ್ನ ಸೀಟು ಎಲ್ಲಿ ಹೋಯ್ತೋ?" ಅಂದರು.