ಶಿಲೆಯಿಂದ ದ್ರವವನ್ನು ಪಡೆವ ಬಗೆ: ಬೀದರಿನ ಸುರಂಗ ಬಾವಿಯೂ ಶೇಲ್ ತೈಲವೂ

ಬಹಮನಿ ಸುಲ್ತಾನ ಅಹಮದ್ ಷಾ (೧೪೨೨–೩೬) ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಿಗೆ ವರ್ಗಾಯಿಸಿದುದನ್ನು ನಾವು ಸಾಮಾನ್ಯವಾಗಿ ರಾಜಕೀಯ ಕಾರಣಗಳಿಂದಲೇ ವಿವರಿಸುತ್ತೇವೆ. ಎತ್ತರದ ಪ್ರಸ್ಥಭೂಮಿಯ ಮೇಲಿನ ಆ ಊರಿಗೆ ನೀರು ಎಲ್ಲಿಂದ ಬಂದಿತೆಂದು ತರಗತಿಯಲ್ಲಿ ಕೇಳುವವರು ವಿರಳ. ಗುಲಾಂ ಯಜ್ದಾನಿಯವರ ೧೯೪೭ರ ಗ್ರಂಥ ಬೀದರಿನ ಕಟ್ಟಡಗಳ ಅಭ್ಯಾಸಕ್ಕೆ ಇಂದಿಗೂ ಆಧಾರವಾಗಿದೆ. ನೆಲದಡಿಯ ಬೀದರಿಗಾದರೋ ಶಿಲೆಯೇ ಮುಖ್ಯ ಆಕರ.

ನೌಬಾದಿನ ಸುರಂಗ ಬಾವಿ, ಎಂದರೆ ಕರೇಜ್, ಪರ್ಷಿಯಾದಿಂದ ಬಂದ ವಿದ್ಯೆ. ಅಹಮದ್ ಷಾ ಕಿರ್ಮಾನ್ ಸೀಮೆಯ ಸಂತ ಷಾ ನಿಅಮತುಲ್ಲಾನ ವಂಶದವರನ್ನು ಬರಮಾಡಿಕೊಂಡನು. ಅಷ್ಟೂರಿನ ದಾರಿಯಲ್ಲಿರುವ ಖಲೀಲುಲ್ಲಾನ ಚೌಖಂಡಿ ಆ ಸಂಬಂಧಕ್ಕೆ ಸಾಕ್ಷಿ. ಕಿರ್ಮಾನ್ ಇಂತಹ ಸುರಂಗಗಳ ನಾಡು. ಆದರೆ ವಿದ್ಯೆ ಬಂದ ಮಾತ್ರಕ್ಕೆ ನೀರು ಬಾರದು. ಬೀದರಿನಲ್ಲಿ ಮೇಲೆ ಸರಂಧ್ರವಾದ ಜಂಬಿಟ್ಟಿಗೆಯಿದೆ. ಅದರಡಿ ಜೇಡಿಪದರ, ಅನಂತರ ಕರಿಕಲ್ಲು. ಇಂಗಿದ ಮಳೆನೀರು ಇವುಗಳ ಸಂಧಿಯಲ್ಲಿ ತಡೆದು ನಿಲ್ಲುತ್ತದೆ. ಆ ಸಂಧಿಗುಂಟ ಇಳಿಜಾರಾಗಿ ಸುರಂಗ ತೋಡಿ, ನಡುನಡುವೆ ಗಾಳಿಕಿಂಡಿಗಳನ್ನು ಬಿಟ್ಟರೆ ನೀರು ತನ್ನ ಭಾರದಿಂದಲೇ ಹರಿಯುತ್ತದೆ. ಔರಾದ್ ಕಡೆಯಲ್ಲೂ ಭಾಲ್ಕಿಯ ಬಹುಭಾಗದಲ್ಲೂ ಎರೆಮಣ್ಣಿನ ಕೆಳಗೆ ಕರಿಕಲ್ಲು. ಆದುದರಿಂದ ಅಲ್ಲಿಯ ರೈತನು ಮಳೆಯನ್ನು, ತೆರೆದ ಬಾವಿಯನ್ನು, ಮಾಂಜ್ರಾ ನದಿಯನ್ನು, ಈಚೆಗೆ ಬ್ಯಾಲಹಳ್ಳಿಯ ಕಾರಂಜಾ ಜಲಾಶಯವನ್ನು ನಂಬಿದ್ದಾನೆ.

ವಿದ್ಯೆಗಿಂತ ಶಿಲೆ ಹಿರಿದೆಂಬ ಈ ಮಾತಿಗೆ ಇಂದಿನ ತೈಲೋದ್ಯಮದಿಂದ ಒಂದು ನಿದರ್ಶನ ಕೊಡಬಹುದು. (ಬೀದರಿನಲ್ಲಿ ತೈಲ ಹುಡುಕುವ ಉದ್ದೇಶ ಲೇಖಕನಿಗಿಲ್ಲ, ನಮ್ಮದು ಸುಮಾರು ೬.೬ ಕೋಟಿ ವರ್ಷಗಳ ಹಿಂದಿನ ಲಾವಾರಸದ ನೆಲ.) ಶೇಲ್ ಎಂಬ ಜೇಡುಶಿಲೆಯಲ್ಲಿ ತೈಲವುಂಟು, ಅದು ಹರಿಯಲು ದಾರಿಯಿಲ್ಲ. ಆದ್ದರಿಂದ ಅಮೆರಿಕದಲ್ಲಿ ಬಾವಿಯನ್ನು ಪದರಗುಂಟ ಅಡ್ಡಲಾಗಿ ಮೈಲುಗಟ್ಟಲೆ ಕೊರೆದು, ಮರಳು ಬೆರೆತ ನೀರನ್ನು ಭಾರಿ ಒತ್ತಡದಿಂದ ನುಗ್ಗಿಸಿ ಶಿಲೆಯನ್ನು ಬಿರಿಸುತ್ತಾರೆ. ಆದರೂ ಇರುವ ತೈಲದಲ್ಲಿ ಶೇಕಡಾ ೧೦ಕ್ಕಿಂತ ಹೆಚ್ಚು ಸಾಮಾನ್ಯವಾಗಿ ಕೈಸೇರದು. ಮೊದಲ ವರ್ಷದಲ್ಲೇ ಉತ್ಪತ್ತಿ ಅರ್ಧಕ್ಕಿಂತ ಕೆಳಗಿಳಿಯುವುದೂ ಉಂಟು. ಟೆಕ್ಸಾಸಿನ ಈಗಲ್ ಫೋರ್ಡ್ ಪ್ರದೇಶದಲ್ಲಿ ಅದೇ ಬಾವಿಗೆ ಅನಿಲವನ್ನು ತುಂಬಿ, ಕೆಲಕಾಲ ಮುಚ್ಚಿಟ್ಟು, ಮರಳಿ ತೆರೆದು ಇಳುವರಿಯನ್ನು ಹೆಚ್ಚಿಸಿಕೊಂಡಿದ್ದಾರೆ. ಅನಿಲವು ತೈಲದೊಡನೆ ಬೆರೆತು ಅದನ್ನು ತೆಳುವಾಗಿಸುತ್ತದೆ.

ಅಡ್ಡ ಕೊರೆತ ಎರಡಕ್ಕೂ ಸಮಾನ, ಬಲಪ್ರಯೋಗದಲ್ಲಿ ಭೇದವಿದೆ. ಕರೇಜ್ ಶಿಲೆ ಬಿಟ್ಟುಕೊಟ್ಟಷ್ಟನ್ನೇ ಪಡೆಯುತ್ತದೆ. ಜಲಮಟ್ಟ ಇಳಿದರೆ ಹರಿವೂ ತಾನಾಗಿ ಕುಗ್ಗುತ್ತದೆ. ಕರಿಕಲ್ಲಿನ ಬಿರುಕುಗಳವರೆಗೆ ಇಳಿಯುವ ಕೊಳವೆಬಾವಿಗೆ ಈ ಮಿತಿಯಿಲ್ಲ. ಪಂಪಿನ ಬಲದಿಂದ ಅದು ಸುರಂಗದ ಮಟ್ಟಕ್ಕಿಂತ ಕೆಳಗಿನ ನೀರನ್ನೂ ಎಳೆಯುತ್ತದೆ. ೨೦೧೦ರ ದಶಕದಲ್ಲಿ ನೌಬಾದಿನ ಕರೇಜಿನ ಹೂಳೆತ್ತುವ ಕಾರ್ಯ ನಡೆಯಿತು. ಹೂಳೆತ್ತಿದ ಸುರಂಗಕ್ಕೆ ನೀರು ಬರಬೇಕಾದರೆ ಮೇಲಿನ ಜಂಬಿಟ್ಟಿಗೆಯ ಬಯಲಿನಲ್ಲಿ ಮಳೆ ಇಂಗಬೇಕು. ಆ ಬಯಲಿನ ಮೇಲೆಯೇ ಈಗ ಊರು ಬೆಳೆಯುತ್ತಿದೆ.