ಹೆರಿಗೆಗೆ ಎಲ್ಲರೂ ಆಸ್ಪತ್ರೆಗೆ ಹೋಗುತ್ತಾರೆ, ಆದರೆ ತಪಾಸಣೆ ತಪ್ಪುವುದೇಕೆ?

"ಈಗ ಯಾರೂ ಮನೆಯಲ್ಲಿ ಹೆರುವುದಿಲ್ಲ, ಇನ್ನೇನು ಚಿಂತೆ?" ಎಂಬ ಮಾತು ಅರ್ಧ ಮಾತ್ರ ಸರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗಿವೆ. ಆದರೆ ಮೊದಲ ಮೂರು ತಿಂಗಳಲ್ಲಿ ತಪಾಸಣೆ ಮಾಡಿಸಿಕೊಂಡವರು ಸುಮಾರು ಶೇ. 71. ಕಬ್ಬಿಣದ ಮಾತ್ರೆಯನ್ನು ನೂರು ದಿನ ನುಂಗಿದವರು ಅರ್ಧಕ್ಕಿಂತ ಕಡಿಮೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಕಡೆ ತಾಲ್ಲೂಕು ಆಸ್ಪತ್ರೆ ಇದೆ. ಹಾಗಿದ್ದರೂ ಗರ್ಭಿಣಿಯರನ್ನು ತಡೆಯುವುದೇನು?

ನಂಬಿಕೆ 1: ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು, ದೃಷ್ಟಿಯಾಗುತ್ತದೆ.
ಊರಿಗೆ ಹೇಳದಿದ್ದರೂ ಆಶಾ ಕಾರ್ಯಕರ್ತೆಗೆ ಹೇಳಿ. ರಕ್ತದ ಗುಂಪು, ಹಿಮೋಗ್ಲೋಬಿನ್, ರಕ್ತದೊತ್ತಡ ಮೊದಲ ತಪಾಸಣೆಯಲ್ಲೇ ತಿಳಿಯುತ್ತವೆ. ತಾಯಿ ಕಾರ್ಡೂ ಆಗಲೇ ಸಿಗುತ್ತದೆ.

ನಂಬಿಕೆ 2: ಕಬ್ಬಿಣದ ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ, ಎಳನೀರು ಕುಡಿದರೆ ಬೆಳ್ಳಗಾಗುತ್ತದೆ.
ಎರಡೂ ಸುಳ್ಳು. ಮಗುವಿನ ಬಣ್ಣ ತಂದೆತಾಯಿಯಿಂದ ಬರುತ್ತದೆ. ಮಾತ್ರೆಯಿಂದ ಕಪ್ಪಾಗುವುದು ಮಲ ಮಾತ್ರ, ಅದರಿಂದ ತೊಂದರೆಯಿಲ್ಲ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬೇಡಿ. ನಿಂಬೆ ಪಾನಕದೊಂದಿಗೆ ನುಂಗಬಹುದು.

ನಂಬಿಕೆ 3: ಕಾರ್ಡ್ ಇಲ್ಲದಿದ್ದರೆ ಆಸ್ಪತ್ರೆಗೆ ಸೇರಿಸಿಕೊಳ್ಳುವುದಿಲ್ಲ.
ಈ ಭಯಕ್ಕೆ ಕಾರಣವಿದೆ. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ತಾಯಿ ಕಾರ್ಡ್, ಆಧಾರ್ ಇಲ್ಲವೆಂದು ದಾಖಲಿಸಿಕೊಳ್ಳದೆ ಕಳಿಸಿದ ಗರ್ಭಿಣಿ ಮನೆಯಲ್ಲೇ ಹೆತ್ತು, ಅವಳಿ ಶಿಶುಗಳೊಂದಿಗೆ ತೀರಿಕೊಂಡರು. ಸಿಬ್ಬಂದಿ ಅಮಾನತಾದರು. ತುರ್ತಿನಲ್ಲಿ ದಾಖಲೆ ಕೇಳಿ ಚಿಕಿತ್ಸೆ ನಿರಾಕರಿಸುವಂತಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವಾಗ ಕಾರ್ಡ್ ಒಯ್ಯಿರಿ. ಮರೆತಿದ್ದರೂ ಆಸ್ಪತ್ರೆಗೆ ಹೋಗಿ.

ನಂಬಿಕೆಯಲ್ಲದ ಅಡ್ಡಿಗಳು
ತೋಟದ ಮನೆಯಿಂದ ಬಸ್ಸಿನವರೆಗೆ ನಡೆಯಬೇಕು. ನಾರಿನ ಕೆಲಸ, ಕೂಲಿ ಬಿಟ್ಟರೆ ಆ ದಿನದ ದುಡ್ಡಿಲ್ಲ. ಜೊತೆಗೆ ಬರಲು ಗಂಡನಿಗೋ ಅತ್ತೆಗೋ ಬಿಡುವಾಗಬೇಕು. ಎಷ್ಟೋ ಮನೆಗಳಲ್ಲಿ ಹೋಗುವುದೋ ಬೇಡವೋ ಎಂದು ತೀರ್ಮಾನಿಸುವವರೂ ಅವರೇ. ಆದ್ದರಿಂದ ಈ ಲೇಖನ ಗರ್ಭಿಣಿಗಿಂತ ಮೊದಲು ಮನೆಯ ಹಿರಿಯರಿಗೆ ತಲುಪಬೇಕು.

ನೆನಪಿಡಿ
ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಉಚಿತ ತಪಾಸಣೆ ಇರುತ್ತದೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಸೇರಿ ಹೆರಿಗೆ, ಔಷಧ, ಊಟ ಉಚಿತ.

ರಕ್ತಸ್ರಾವ, ಜೋರು ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊತ, ಫಿಟ್ಸ್, ಮಗುವಿನ ಚಲನೆ ಕಡಿಮೆಯಾಗುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ.